ಫೈರ್‌ಮನ್ ಕೆಲಸ ದಿನಾ ಖುಷಿ ಕೊಡುತ್ತದಾ?

ಪ್ರಶ್ನೆ: ಸರ್, ನನಗೆ 24 ವರ್ಷ. ಎರಡು ವರ್ಷದಿಂದ ಆಫೀಸ್ ಕೆಲಸ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಾಕಾಗಿದೆ. ಅಗ್ನಿಶಾಮಕ ದಳ ಸೇರಬೇಕು ಅಂತ ಆಸೆ. ಜೀವ ಉಳಿಸುವ ಕೆಲಸ, ದೊಡ್ಡ ಕೆಲಸ ಅಂತ ಎಲ್ಲರೂ ಹೇಳುತ್ತಾರೆ, ಅದು ಗೊತ್ತು. ನನಗೆ ಬೇಕಿರುವುದು ಮಾಮೂಲಿ ದಿನದ ವಿಷಯ. ದಿನಾ ಎದ್ದು ಖುಷಿಯಿಂದ ಹೋಗುವಂಥ ಕೆಲಸವಾ ಇದು? ಸೇರುವುದಾದರೆ ಈಗಿನಿಂದ ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಸೇರುವ ಮುಂಚೆಯೇ ಇದನ್ನು ಕೇಳಿದಿರಲ್ಲ, ಒಳ್ಳೆಯದಾಯಿತು. ಹೆಚ್ಚಿನವರು ಕೇಳುವುದಿಲ್ಲ. ಬೆಂಕಿ, ಏಣಿ, ಸೈರನ್ ಇಷ್ಟೇ ಕಣ್ಣ ಮುಂದೆ ಇರುತ್ತದೆ. ಸೇರಿದ ಮೇಲೆ ತಿಂಗಳುಗಟ್ಟಲೆ ಹೋಸ್ ಸುತ್ತಿ, ನೆಲ ಒರೆಸಿ, ಸುಳ್ಳು ಅಲಾರಂಗಳಿಗೆ ಓಡಿ, "ಇಷ್ಟೇನಾ?" ಅನ್ನುತ್ತಾರೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೌದು, ಖುಷಿ ಕೊಡುವ ಕೆಲಸವೇ. ನಾನು ವರ್ಷಗಟ್ಟಲೆ ಸ್ಟೇಷನ್‌ನಲ್ಲಿದ್ದೆ, ಆಮೇಲೆ ಹೊಸಬರಿಗೆ ತರಬೇತಿ ಕೊಟ್ಟೆ. ಮೊದಲ ಕೆಲವು ವರ್ಷ ದಾಟಿದವರು ಇದನ್ನು ಬಿಟ್ಟು ಹೋಗಲು ಸುಲಭಕ್ಕೆ ಮನಸ್ಸು ಮಾಡುವುದಿಲ್ಲ, ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಆ ಖುಷಿ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಹೊರಗಿನವರ ಅಂದಾಜು ತಪ್ಪು. ಬೆಂಕಿ ಇಲ್ಲದ ಗಂಟೆಗಳು ಯಾರಿಗೆ ಹಿಡಿಸುತ್ತವೋ ಅವರಿಗೆ ಈ ಕೆಲಸ ಹಿಡಿಸುತ್ತದೆ. ಬೆಂಕಿಗೋಸ್ಕರ ಮಾತ್ರ ಬಂದವರು ಬೇಗ ಮಂಕಾಗುತ್ತಾರೆ.

ಯಾಕೆ ಅಂತ ಲೆಕ್ಕ ನೋಡಿ. ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ನಿಜವಾದ ಬೆಂಕಿ ನೂರಕ್ಕೆ ನಾಲ್ಕರ ಆಸುಪಾಸು. ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯಕೀಯ ಕರೆಗಳೇ. ಎದೆ ನೋವು, ಉಸಿರಾಟದ ತೊಂದರೆ, ಬಚ್ಚಲಲ್ಲಿ ಜಾರಿ ಬಿದ್ದವರು. ಇಂಗ್ಲೆಂಡಿನಲ್ಲಿ ಬೆಂಕಿಯ ಪಾಲು ಇದಕ್ಕಿಂತ ಜಾಸ್ತಿ ಇದೆ, ಆದರೆ ಅಲ್ಲಿ ನೂರರಲ್ಲಿ ಸುಮಾರು ನಲವತ್ತು ಕರೆ ಸುಳ್ಳು ಅಲಾರಂ. ದೇಶದಿಂದ ದೇಶಕ್ಕೆ ಅಂಕಿ ಬದಲಾಗುತ್ತದೆ. ಬೆಂಕಿಯ ಜೊತೆ ಕಳೆಯುವ ಹೊತ್ತು ಒಟ್ಟು ಕೆಲಸದಲ್ಲಿ ಒಂದು ಸಣ್ಣ ಚೂರು ಅನ್ನುವುದು ಮಾತ್ರ ಎಲ್ಲ ಕಡೆ ಒಂದೇ.

ಹಾಗಾದರೆ ಉಳಿದ ಹೊತ್ತು ಏನು ಮಾಡುತ್ತಾರೆ?

ಶಿಫ್ಟ್ ಲೆಕ್ಕ ಬೇರೆ ಬೇರೆ ಕಡೆ ಬೇರೆ ಬೇರೆ. 24 ಗಂಟೆ ಕೆಲಸ, 48 ಗಂಟೆ ರಜೆ ಅನ್ನುವುದು ಒಂದು ಪದ್ಧತಿ. ಎರಡು ಹಗಲು, ಎರಡು ರಾತ್ರಿ, ಆಮೇಲೆ ನಾಲ್ಕು ದಿನ ರಜೆ ಅನ್ನುವುದು ಇನ್ನೊಂದು. ಯಾವುದೇ ಇರಲಿ, ಶಿಫ್ಟ್ ಬದಲಾದ ತಕ್ಷಣ ಶುರುವಾಗುವುದು ತಪಾಸಣೆ. ಅದರಲ್ಲಿ ಮೊದಲನೆಯದು ಬಿಎ ಸೆಟ್, ಅಂದರೆ ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹಾಕಿಕೊಳ್ಳುವ ಸೆಟ್.

ಸಿಲಿಂಡರಿನ ವಾಲ್ವ್ ತೆರೆದು ಗೇಜ್ ನೋಡಬೇಕು. ಈಗಿನ ಹೆಚ್ಚಿನ ಸೆಟ್‌ಗಳಲ್ಲಿ ಪೂರ್ತಿ ತುಂಬಿದ್ದರೆ ಮುಳ್ಳು 300 ಬಾರ್ (ಗಾಳಿಯ ಒತ್ತಡದ ಅಳತೆ) ಹತ್ತಿರ ನಿಲ್ಲುತ್ತದೆ. ವಾಲ್ವ್ ಮುಚ್ಚಿ, ಮುಳ್ಳು ಇಳಿಯುತ್ತದಾ ಅಂತ ಸುಮ್ನೆ ನೋಡುತ್ತಾ ಕಾಯಬೇಕು. ಇಳಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಮೇಲೆ ಒಳಗೆ ಉಳಿದ ಗಾಳಿಯನ್ನು ನಿಧಾನಕ್ಕೆ ಬಿಡುತ್ತಾ ಹೋಗಬೇಕು. ಯುರೋಪಿನ ಮಾದರಿಯ ಸೆಟ್ ಆದರೆ ಮುಳ್ಳು 55 ಬಾರ್ ಹತ್ತಿರ ಬಂದಾಗ ಸೀಟಿ ಊದಬೇಕು. ಒಳಗಿದ್ದಾಗ ಆ ಸೀಟಿ ಊದಿತು ಅಂದರೆ ನೀವು ಅಷ್ಟು ಹೊತ್ತಿಗೆ ಹೊರಗಿರಬೇಕಿತ್ತು. ಕೊನೆಗೆ ಮುಖವಾಡ ಹಾಕಿ, ಗಾಳಿ ಬರುವ ಜಾಗಕ್ಕೆ ಅಂಗೈ ಒತ್ತಿ ಉಸಿರು ಎಳೆಯಬೇಕು. ಮುಖವಾಡ ಮುಖಕ್ಕೆ ಅಂಟಿಕೊಂಡು ಹಾಗೇ ನಿಂತರೆ ಸರಿ ಇದೆ. ಗಡ್ಡ ಇದ್ದರೆ ಅಂಟುವುದಿಲ್ಲ, ಅದಕ್ಕೇ ಬಹಳಷ್ಟು ದಳಗಳಲ್ಲಿ ಗಡ್ಡ ಬಿಡುವ ಹಾಗಿಲ್ಲ. ಸೆಟ್‌ನಲ್ಲಿ ಒಂದು ಪುಟ್ಟ ಅಲಾರಂ ಕೂಡ ಇರುತ್ತದೆ. ನೀವು ಅರ್ಧ ನಿಮಿಷ ಅಲ್ಲಾಡದೆ ಬಿದ್ದಿದ್ದರೆ ಅದು ತಾನಾಗಿ ಕೂಗಿಕೊಳ್ಳುತ್ತದೆ. ಹೊಸಬರು ಮಾತಾಡುತ್ತಾ ನಿಂತುಬಿಟ್ಟಾಗ ಅದು ಕೂಗುವುದು, ಎಲ್ಲರೂ ನಗುವುದು, ಇದು ಪ್ರತಿ ಸ್ಟೇಷನ್‌ನಲ್ಲೂ ಇದ್ದದ್ದೇ.

ಆಮೇಲೆ ಗಾಡಿ. ಟ್ಯಾಂಕಿನಲ್ಲಿ ನೀರು, ಡೀಸೆಲ್, ಪಂಪ್ ಓಡಿಸಿ ನೋಡುವುದು, ಗರಗಸ ಸ್ಟಾರ್ಟ್ ಮಾಡುವುದು, ಕಬ್ಬಿಣ ಕತ್ತರಿಸುವ ಹೈಡ್ರಾಲಿಕ್ ಕಟ್ಟರ್ ಬಾಯಿ ತೆರೆದು ಮುಚ್ಚುವುದು, ಏಣಿಯ ಹಗ್ಗ, ಟಾರ್ಚಿನ ಬ್ಯಾಟರಿ. ಯಾವ ಸಾಮಾನು ಯಾವ ಬಾಗಿಲ ಹಿಂದೆ ಇದೆ ಅನ್ನುವುದು ಕತ್ತಲಲ್ಲಿ ಕೈ ಹಾಕಿದರೂ ಗೊತ್ತಾಗಬೇಕು. ನಿನ್ನೆ ನೋಡಿದ್ದನ್ನೇ ಇವತ್ತೂ ನೋಡಬೇಕು. ನಿನ್ನೆಯಿಂದ ಯಾರೂ ಮುಟ್ಟಿಲ್ಲ ಅಂದರೂ ನೋಡಬೇಕು.

ಇದನ್ನು ಕೇಳಿ ನಿಮಗೆ ಆಕಳಿಕೆ ಬಂತಾ? ಬಂದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ನನಗಂತೂ ದಿನದಲ್ಲಿ ಇಷ್ಟದ ಹೊತ್ತು ಇದೇ ಆಗಿತ್ತು. ಕೈಗೆ ಕೆಲಸ ಇರುತ್ತದೆ, ಪಕ್ಕದಲ್ಲಿ ಜನ ಇರುತ್ತಾರೆ. ರಾತ್ರಿ ಪಾಳಿಯವರು ಏನಾಯಿತು ಅಂತ ಹೇಳುತ್ತಾ ಬೂಟು ಬಿಚ್ಚುತ್ತಿರುತ್ತಾರೆ. ಆಫೀಸಿನಲ್ಲಿ ಸಂಜೆ ಎದ್ದಾಗ "ಇವತ್ತು ಏನು ಮಾಡಿದೆ?" ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ, ಅಲ್ವಾ? ಇಲ್ಲಿ ಆ ಕಷ್ಟ ಇಲ್ಲ. ಗರಗಸ ಸ್ಟಾರ್ಟ್ ಆಗುತ್ತಿರಲಿಲ್ಲ, ಈಗ ಆಗುತ್ತದೆ.

ತಪಾಸಣೆ ಮುಗಿದರೆ ಡ್ರಿಲ್. ಏಣಿ ಎತ್ತುವುದು, ಗಂಟು ಹಾಕುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಣೆ ಹುಡುಕುವುದು. ದೇಹಕ್ಕೆ ಕೆಲಸ ಬೇಕು ಅನ್ನುವವರಿಗೆ ಇದು ಹಬ್ಬ. ವ್ಯಾಯಾಮ ಮಾಡುವುದಕ್ಕೂ ಸಂಬಳ ಕೊಡುವ ಕೆಲಸ ಎಷ್ಟಿವೆ ಹೇಳಿ? ಶಾಲೆಗಳಿಗೆ ಹೋಗಿ ಮಾತಾಡುವುದು, ಕಟ್ಟಡಗಳ ಪರಿಶೀಲನೆ, ವರದಿ ಬರೆಯುವುದೂ ಇರುತ್ತದೆ. ಕಂಪ್ಯೂಟರಿನಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರೆ ಕೇಳಿ, ಪ್ರತಿ ಕರೆಗೂ ಒಂದು ವರದಿ ಇದೆ. ಮೇಲಕ್ಕೆ ಹೋದಷ್ಟೂ ವರದಿಗಳೇ ಜಾಸ್ತಿ.

ಇನ್ನು ಕರೆಗಳು. ಸಣ್ಣ ಕರೆಗಳ ಬಗ್ಗೆ ಯಾರೂ ಹೇಳಿರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಉದಾಹರಣೆ. ಬೆರಳು ಊದಿಕೊಂಡು ಉಂಗುರ ಸಿಕ್ಕಿಹಾಕಿಕೊಂಡಿದೆ, ಬೆರಳ ತುದಿ ನೀಲಿಯಾಗುತ್ತಿದೆ, ಸ್ಟೇಷನ್ ಬಾಗಿಲಿಗೇ ಬಂದು ನಿಂತಿದ್ದಾರೆ. ಕತ್ತರಿಸುವ ಸಾಧನ ಇದೆ. ಆದರೆ ಅದು ಮದುವೆಯ ಉಂಗುರ, ಕತ್ತರಿಸಬೇಡಿ ಅಂತ ಕೇಳಿಕೊಳ್ಳುತ್ತಾರೆ. ಆಗ ಒಂದು ನಯವಾದ ದಾರ ಬೇಕು. ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಆ ಕಡೆಯಿಂದ ಎಳೆದುಕೊಂಡು, ಉಂಗುರದ ಪಕ್ಕದಿಂದ ಬೆರಳಿನ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಸುತ್ತಬೇಕು, ನಡುವೆ ಚರ್ಮ ಕಾಣದ ಹಾಗೆ. ಊತ ಅದುಮಿಕೊಳ್ಳುತ್ತದೆ. ಆಮೇಲೆ ತೂರಿಸಿದ ತುದಿಯನ್ನು ಹಿಡಿದು ನಿಧಾನಕ್ಕೆ ಬಿಚ್ಚುತ್ತಾ ಬಂದರೆ ಉಂಗುರ ದಾರದ ಮೇಲೆ ಒಂದೊಂದೇ ಸುತ್ತು ಮುಂದೆ ಬರುತ್ತದೆ. ನೋವಾಗುತ್ತದೆ. ಒಬ್ಬರು ಸುತ್ತುತ್ತಿರುವಾಗ ಇನ್ನೊಬ್ಬರು ಏನಾದರೂ ಮಾತಾಡಿಸುತ್ತಿರಬೇಕು. ಗೆಣ್ಣು ದಾಟಿ ಉಂಗುರ ಅಂಗೈಗೆ ಬಿದ್ದಾಗ ಆ ಮನುಷ್ಯ ನಗುವ ನಗೆ ಇದೆಯಲ್ಲ, ದೊಡ್ಡ ಬೆಂಕಿಯಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಯಾರೂ ನಗುವ ಸ್ಥಿತಿಯಲ್ಲಿ ಇರುವುದಿಲ್ಲ.

ಲಿಫ್ಟಿನಲ್ಲಿ ಸಿಕ್ಕಿಬಿದ್ದವರು, ಬೀಗ ಹಾಕಿಕೊಂಡ ಕಾರಿನಲ್ಲಿ ಮಗು, ಕಂಬಿಗಳ ನಡುವೆ ತಲೆ ತೂರಿಸಿದ ಹುಡುಗ, ಮಂಚದಿಂದ ಬಿದ್ದು ಏಳಲಾಗದ ಅಜ್ಜಿ. ಅಜ್ಜಿಯನ್ನು ಎತ್ತಿ ಕೂರಿಸುವುದಕ್ಕೆ ಎರಡು ನಿಮಿಷ ಸಾಕು. ಆದರೆ ಮನೆಯಲ್ಲಿ ಬೇರೆ ಯಾರೂ ಇಲ್ಲ, ಅವರಿಗೆ ಮಾತು ಬೇಕು. ಅಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲಬೇಕು ಅಂತ ನಿಮಗೆ ಅನ್ನಿಸುತ್ತದಾ, ಇಲ್ಲ "ಇದಕ್ಕಾ ನಾನು ಫೈರ್‌ಮನ್ ಆಗಿದ್ದು?" ಅನ್ನಿಸುತ್ತದಾ? ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಸುಳ್ಳು ಅಲಾರಂ ವಿಷಯ ಬೇರೆ. ಅದನ್ನು ಯಾರೂ ಇಷ್ಟಪಡುವುದಿಲ್ಲ, ನಾನೂ ಪಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಬೆಲ್, ಅದೇ ಕಟ್ಟಡ, ಅದೇ ಮಹಡಿ, ಬಚ್ಚಲಿನ ಹಬೆಗೆ ಕೂಗಿಕೊಂಡ ಅದೇ ಹೊಗೆ ಪತ್ತೆ ಯಂತ್ರ. ಒಂದೇ ವಾರದಲ್ಲಿ ಮೂರನೇ ಸಲ. ಆದರೂ ಪೂರ್ತಿ ಉಡುಪು ಹಾಕಿಕೊಂಡು, ಸೆಟ್ ಹೊತ್ತು, ಮೊದಲ ಸಲ ಹೋದ ಹಾಗೆಯೇ ಹೋಗಬೇಕು. ನಾಲ್ಕನೇ ಸಲ ಅದು ನಿಜವಾಗಿರಬಹುದು. ಗೊಣಗಬಹುದು, ಅದಕ್ಕೇನೂ ತಡೆ ಇಲ್ಲ. ಗಾಡಿಯಲ್ಲಿ ವಾಪಸ್ ಬರುವಾಗ ಎಲ್ಲರೂ ಗೊಣಗುತ್ತಾರೆ.

ಈಗ ಬೆಂಕಿಗೆ ಬರೋಣ. ಅದರಲ್ಲಿ ರೋಮಾಂಚನ ಇಲ್ಲ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಬೆಲ್ ಹೊಡೆದದ್ದರಿಂದ ಗಾಡಿ ಹೊರಡುವವರೆಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ಮಾನದಂಡದಲ್ಲಿ ಪೂರ್ಣಾವಧಿ ಸಿಬ್ಬಂದಿಗೆ ಇಟ್ಟಿರುವ ಗುರಿ 80 ಸೆಕೆಂಡ್. ನಿದ್ದೆಯಲ್ಲಿದ್ದರೂ ಅಷ್ಟೇ. ಉಡುಪು, ಬೂಟು, ಹೆಲ್ಮೆಟ್, ಬಿಎ ಸೆಟ್ ಎಲ್ಲ ಸೇರಿ 20 ಕೆಜಿ ದಾಟುತ್ತದೆ. ಅದರ ಮೇಲೆ ಹೋಸ್, ಕೊಡಲಿ. ಇಷ್ಟನ್ನು ಹೊತ್ತು ಮೆಟ್ಟಿಲು ಹತ್ತಿ, ಬಾಗಿಲ ಬಳಿ ಮಂಡಿಯೂರಬೇಕು.

ಸಿನಿಮಾದಲ್ಲಿ ಕೋಣೆ ತುಂಬ ಕಿತ್ತಳೆ ಬಣ್ಣದ ಜ್ವಾಲೆ ಇರುತ್ತದೆ, ಹೀರೋ ನಿಂತುಕೊಂಡೇ ಓಡಾಡುತ್ತಾನೆ. ನಿಜವಾಗಿ ಒಳಗೆ ಹೋದರೆ ಏನೂ ಕಾಣುವುದಿಲ್ಲ. ಹೊಗೆ ಕರ್ರಗೆ. ಚಾಚಿದ ಕೈಯೂ ಕಾಣುವುದಿಲ್ಲ. ತೆವಳಿಕೊಂಡು, ಒಂದು ಕೈಯನ್ನು ಗೋಡೆಗೆ ಸವರುತ್ತಾ, ಇನ್ನೊಂದರಲ್ಲಿ ಹೋಸ್ ಅಥವಾ ಜೊತೆಗಾರನ ಬೂಟು ಹಿಡಿದು ಮುಂದೆ ಹೋಗಬೇಕು. ಕೇಳಿಸುವುದು ನಿಮ್ಮದೇ ಉಸಿರು. ಈಗ ಹೊಗೆಯಲ್ಲೂ ಬಿಸಿಯನ್ನು ಗುರುತಿಸಿ ತೋರಿಸುವ ಥರ್ಮಲ್ ಕ್ಯಾಮೆರಾ ಬಂದಿದೆ, ಬಹಳ ಸಹಾಯ ಆಗುತ್ತದೆ. ಆದರೂ ಗೋಡೆ ಬಿಡಬೇಡಿ ಅಂತಲೇ ನಾವು ಕಲಿಸುವುದು. ಬಿಸಿ ಮೇಲಿನಿಂದ ಕೆಳಗೆ ಪದರ ಪದರವಾಗಿ ಇರುತ್ತದೆ. ಮಂಡಿಯೂರಿದಾಗ ತಡೆದುಕೊಳ್ಳಬಹುದು, ಎದ್ದು ನಿಂತರೆ ಆಗುವುದಿಲ್ಲ.

ನೀರು ಬಿಡುವುದರಲ್ಲೂ ಲೆಕ್ಕ ಇದೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕಂಡಕಂಡಲ್ಲಿ ಹೊಡೆದರೆ ಆ ಹಬೆ ಇಡೀ ಕೋಣೆ ತುಂಬಿ ನಿಮ್ಮ ಮೇಲೆಯೇ ಇಳಿಯುತ್ತದೆ. ಅದಕ್ಕೆ ಮುಂದೆ ಹೋಗುವಾಗ ತಲೆಯ ಮೇಲಿನ ಹೊಗೆಗೆ ಚಿಕ್ಕ ಚಿಕ್ಕ ಹೊಡೆತ, ಮಧ್ಯೆ ನಿಲ್ಲಿಸಿ ನೋಡುವುದು. ಸಮಯವೂ ಕಮ್ಮಿ. ಕೋಣೆಯ ಮೇಲ್ಭಾಗದ ಬಿಸಿ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೋಣೆಯಲ್ಲಿರುವ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಇದನ್ನೇ ಫ್ಲ್ಯಾಶ್‌ಓವರ್ ಅನ್ನುವುದು. ಅಮೆರಿಕದ ಯುಎಲ್ ಪ್ರಯೋಗಾಲಯದವರು ಹಳೇ ಕಾಲದ ಮರ, ಹತ್ತಿಯ ಸಾಮಾನು ಇಟ್ಟ ಕೋಣೆಗೂ ಈಗಿನ ಫೋಮ್, ಸಿಂಥೆಟಿಕ್ ಸಾಮಾನು ಇಟ್ಟ ಕೋಣೆಗೂ ಬೆಂಕಿ ಹಚ್ಚಿ ನೋಡಿದರು. ಹಳೇ ಮಾದರಿಯ ಕೋಣೆ ಆ ಹಂತಕ್ಕೆ ಬರಲು ಅರ್ಧ ಗಂಟೆಯಷ್ಟು ಹಿಡಿಯಿತು. ಈಗಿನದು ಐದು ನಿಮಿಷದ ಒಳಗೆ. ನಮಗಿಂತ ಹಿಂದಿನ ತಲೆಮಾರಿನ ಫೈರ್‌ಮನ್‌ಗೆ ಸಿಗುತ್ತಿದ್ದ ಪುರುಸೊತ್ತು ಈಗಿನವರಿಗೆ ಇಲ್ಲ.

ಕಲಿತದ್ದೆಲ್ಲ ಒಂದೇ ಹೊತ್ತಿಗೆ ಕೆಲಸಕ್ಕೆ ಬರುವ ಆ ಕೆಲವು ನಿಮಿಷ ಇದೆಯಲ್ಲ, ಆಗ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಸಾಲ, ಜಗಳ, ನಾಳಿನ ಚಿಂತೆ ಯಾವುದೂ ಇಲ್ಲ. ಹೊರಗೆ ಬಂದು ಮುಖವಾಡ ತೆಗೆದಾಗ ಆಗುವ ಖುಷಿ ದೊಡ್ಡದೇ. ಜೊತೆಗೆ ಸ್ವಲ್ಪ ಮುಜುಗರವೂ ಇರುತ್ತದೆ. ಎದುರಿಗೆ ಆ ಮನೆಯವರು ರಸ್ತೆಯಲ್ಲಿ ನಿಂತಿರುತ್ತಾರೆ, ನಿಮ್ಮ ಮುಖದಲ್ಲಿ ನಗು ಇರಬಾರದು. ಒಳ್ಳೆಯ ಫೈರ್‌ಮನ್‌ಗಳು ಸ್ಟೇಷನ್ ಮುಟ್ಟುವವರೆಗೆ ತಡೆದುಕೊಳ್ಳುತ್ತಾರೆ.

ಅದಾದ ಮೇಲೆ ಇರುವುದು ಕೂಲಿ ಕೆಲಸ. ಸೀಲಿಂಗ್ ಕೀಳಬೇಕು, ಹಾಸಿಗೆ ಬಗೆದು ಒಳಗಿನ ಕೆಂಡ ಹುಡುಕಬೇಕು, ಗೋಡೆಯ ಹಿಂದೆ ಬಿಸಿ ಇದೆಯಾ ನೋಡಬೇಕು. ಒದ್ದೆ ಹೋಸ್ ಒಣ ಹೋಸಿಗಿಂತ ಎಷ್ಟು ಭಾರ ಅಂತ ಆಗ ಗೊತ್ತಾಗುತ್ತದೆ. ಸ್ಟೇಷನ್‌ಗೆ ಬಂದು ಅದನ್ನು ತೊಳೆದು, ಒಣಗಲು ಹಾಕಿ, ಬೇರೆಯದನ್ನು ಗಾಡಿಗೆ ತುಂಬಿ, ಸಿಲಿಂಡರ್ ಬದಲಿಸಿದ ಮೇಲೆಯೇ ಸ್ನಾನ. ಅಷ್ಟರಲ್ಲಿ ಮತ್ತೆ ಬೆಲ್ ಹೊಡೆದರೆ ಸ್ನಾನವೂ ಇಲ್ಲ.

ದಿನಾ ಖುಷಿಯಾಗಿರುವುದಕ್ಕೆ ಎಲ್ಲಕ್ಕಿಂತ ಮುಖ್ಯ ಏನು ಅಂತ ಒಂದೇ ಕಾರಣ ಕೇಳಿದರೆ, ನಾನು ಜೊತೆಯಲ್ಲಿ ಇರುವವರು ಅನ್ನುತ್ತೇನೆ. ನಾಲ್ಕೈದು ಜನ ಒಂದೇ ಸೂರಿನಡಿ ಅಡುಗೆ ಮಾಡಿ, ಒಟ್ಟಿಗೆ ಊಟ ಮಾಡಿ, ಒಂದೇ ಕೋಣೆಯಲ್ಲಿ ಮಲಗಿ, ಆಮೇಲೆ ಹೊಗೆಯಲ್ಲಿ ಒಬ್ಬರನ್ನೊಬ್ಬರು ನಂಬಿ ತೆವಳಬೇಕು. ಇಂಥ ಸಂಬಂಧ ಬೇರೆ ಕೆಲಸಗಳಲ್ಲಿ ಅಪರೂಪ. ಕಾಲೆಳೆಯುವುದು ವಿಪರೀತ ಇರುತ್ತದೆ. ನಿಮ್ಮ ಅಡುಗೆ, ನಿಮ್ಮ ಗೊರಕೆ, ನೀವು ಮೊದಲ ದಿನ ಹೆಲ್ಮೆಟ್ ಹಿಂದುಮುಂದಾಗಿ ಹಾಕಿಕೊಂಡದ್ದು ಎಲ್ಲ ವರ್ಷಾನುಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಮನೆ ಬದಲಿಸುವಾಗ ಸಾಮಾನು ಹೊರಲು ಬರುವವರೂ ಅವರೇ.

ಇದಕ್ಕೆ ಇನ್ನೊಂದು ಮುಖವೂ ಇದೆ. ಒಬ್ಬ ಕೆಟ್ಟ ಆಫೀಸರ್ ಇದ್ದರೆ, ಇಲ್ಲ ತಮಾಷೆಯ ಹೆಸರಲ್ಲಿ ಒಬ್ಬರನ್ನೇ ಹಿಂಸಿಸುವ ತಂಡ ಇದ್ದರೆ, 24 ಗಂಟೆಯ ಶಿಫ್ಟ್ ನರಕ. ಬಾಗಿಲು ಹಾಕಿಕೊಂಡು ಮನೆಗೆ ಹೋಗುವ ಹಾಗಿಲ್ಲವಲ್ಲ. ಹೊಸಬರು, ಅದರಲ್ಲೂ ಹೆಣ್ಣುಮಕ್ಕಳು, ಇದನ್ನು ಜಾಸ್ತಿ ಅನುಭವಿಸಿದ್ದಾರೆ. ಕೆಲವು ದಳಗಳು ಸುಧಾರಿಸಿವೆ, ಕೆಲವು ಇಲ್ಲ. ಒಂದೇ ಇಲಾಖೆ, ಒಂದೇ ಸಂಬಳ, ಒಂದೇ ಉಡುಪು. ಎರಡು ಸ್ಟೇಷನ್‌ಗಳ ನಡುವೆ ಅಜಗಜಾಂತರ. ಹಾಗಾಗಿ "ಫೈರ್‌ಮನ್ ಕೆಲಸ ಚೆನ್ನಾಗಿದೆಯಾ?" ಅಂತ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಖುಷಿ ಇದೆ ಅನ್ನುವುದಕ್ಕೆ ನನ್ನ ಮಾತು ಬೇಡ, ಬೇರೆ ಪುರಾವೆಯೇ ಇದೆ. ಜಗತ್ತಿನ ಬಹಳಷ್ಟು ಕಡೆ ಜನ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ. ಅಮೆರಿಕದ ಫೈರ್‌ಮನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಯಂಸೇವಕರು. ಜರ್ಮನಿಯಲ್ಲಿ ಅಂಥವರ ಸಂಖ್ಯೆ ಹತ್ತು ಲಕ್ಷದ ಆಸುಪಾಸು, ಸಂಬಳದವರು ಅದರ ಮುಂದೆ ಬೆರಳೆಣಿಕೆ. ಚಿಲಿ ದೇಶದಲ್ಲಂತೂ 1851ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಶುರುವಾದ ಮೊದಲ ದಳದಿಂದ ಇವತ್ತಿನವರೆಗೂ ಬೆಂಕಿ ಆರಿಸುವವರು ಸ್ವಯಂಸೇವಕರೇ. ಅಲ್ಲಿ ಸದಸ್ಯರು ತಮ್ಮ ದಳಕ್ಕೆ ತಾವೇ ಚಂದಾ ಕಟ್ಟುತ್ತಾರೆ! ಕೈಯಿಂದ ದುಡ್ಡು ಕೊಟ್ಟು ಯಾರೂ ಬೇಸರದ ಕೆಲಸ ಮಾಡುವುದಿಲ್ಲ.

ಇನ್ನು ಇದಕ್ಕೆ ತೆರಬೇಕಾದ ಬೆಲೆ. ನಿಮ್ಮ ಮನೆಯವರು ಹೆದರುವುದು ಬೆಂಕಿಗೆ ಇರಬಹುದು. ನಾನು ಹೆದರುವುದು ಬೇರೆಯದಕ್ಕೆ.

ಮೊದಲು ಹೃದಯ. ಅಮೆರಿಕದಲ್ಲಿ ಕರ್ತವ್ಯದ ಮೇಲಿದ್ದಾಗ ಸಾಯುವ ಫೈರ್‌ಮನ್‌ಗಳಲ್ಲಿ ಸುಟ್ಟ ಗಾಯದಿಂದ ಸಾಯುವವರಿಗಿಂತ ಹೃದಯ ನಿಂತು ಸಾಯುವವರು ಜಾಸ್ತಿ. 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹೃದಯದ ತೊಂದರೆಯಿಂದಾದ ಅಂಥ ಸಾವುಗಳಲ್ಲಿ ಮೂರನೇ ಒಂದು ಪಾಲು ಬೆಂಕಿ ಆರಿಸುವಾಗಲೇ ಆಗಿದ್ದು ಕಂಡುಬಂತು. ಬೆಂಕಿ ಆರಿಸುವುದರಲ್ಲಿ ಕಳೆಯುವ ಸಮಯವೋ, ಒಟ್ಟು ಕೆಲಸದಲ್ಲಿ ನೂರಕ್ಕೆ 1ರಿಂದ 5 ಪಾಲು ಅಷ್ಟೇ. ಗಾಢ ನಿದ್ದೆಯಿಂದ ಒಂದೇ ಏಟಿಗೆ ಎದ್ದು, 20 ಕೆಜಿ ಹೊತ್ತು, ಬಿಸಿಯಲ್ಲಿ ಬೆವರಿ ನೀರು ಕಳೆದುಕೊಂಡರೆ ಹೃದಯಕ್ಕೆ ಎಷ್ಟು ಹೊಡೆತ ಬೀಳುತ್ತದೆ ಯೋಚಿಸಿ. ಹೊಟ್ಟೆ ಬಂದ, ಸಿಗರೇಟ್ ಸೇದುವ ನಲವತ್ತೈದರ ಫೈರ್‌ಮನ್‌ಗೆ ಬೆಂಕಿಗಿಂತ ಇದೇ ದೊಡ್ಡ ಅಪಾಯ.

ಎರಡನೆಯದು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2022ರಲ್ಲಿ ಫೈರ್‌ಮನ್ ಕೆಲಸವನ್ನೇ ಕ್ಯಾನ್ಸರ್ ತರುವಂಥದ್ದು ಅಂತ ಗುಂಪು 1ಕ್ಕೆ ಸೇರಿಸಿತು. ತಂಬಾಕು, ಆಸ್ಬೆಸ್ಟಾಸ್ ಇರುವುದೂ ಅದೇ ಗುಂಪಿನಲ್ಲಿ. ಎಲ್ಲರಿಗೂ ಬರುತ್ತದೆ ಅಂತಲ್ಲ, ಸಾಕ್ಷಿ ಗಟ್ಟಿ ಇದೆ ಅಂತ. ಒಂದು ಕಾಲದಲ್ಲಿ ಮಸಿ ಮೆತ್ತಿದ ಉಡುಪು, ಸುಟ್ಟ ಹೆಲ್ಮೆಟ್ ಅಂದರೆ ಹೆಮ್ಮೆ. ಈಗ ಒಳ್ಳೆಯ ದಳಗಳಲ್ಲಿ ಬೆಂಕಿಯ ಜಾಗದಲ್ಲೇ ಉಡುಪನ್ನು ತೊಳೆದು, ಬಿಚ್ಚಿ, ಚೀಲದಲ್ಲಿ ಕಟ್ಟಿ, ಗಾಡಿಯ ಒಳಗೆ ತರದೆ ಸಾಗಿಸುತ್ತಾರೆ. ನೀವು ಸೇರುವ ಸ್ಟೇಷನ್‌ನಲ್ಲಿ ಉಡುಪನ್ನು ಮಲಗುವ ಕೋಣೆಯಲ್ಲಿ ನೇತುಹಾಕಿದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ.

ಮೂರನೆಯದು ನಿದ್ದೆ. ಇದು ಸಣ್ಣದು ಅನ್ನಿಸುತ್ತದೆ, ಸಣ್ಣದಲ್ಲ. ಕೆಲಸದ ರಾತ್ರಿ ಬೆಲ್ ಹೊಡೆಯದಿದ್ದರೂ ನಿದ್ದೆ ಅರ್ಧಂಬರ್ಧ, ಕಿವಿ ತೆರೆದೇ ಇರುತ್ತದೆ. ಮಾರನೇ ದಿನ ಮನೆಗೆ ಬಂದು ಮುಖ ಗಂಟು ಹಾಕಿಕೊಂಡು ಮಲಗಿದರೆ ಹೆಂಡತಿ ಮಕ್ಕಳಿಗೆ ಅದು ರಜೆ ಅನ್ನಿಸುವುದಿಲ್ಲ. ಹಬ್ಬ, ಮದುವೆ, ಮಗುವಿನ ಹುಟ್ಟುಹಬ್ಬ ಎಲ್ಲ ಶಿಫ್ಟ್ ಪಟ್ಟಿ ನೋಡಿಕೊಂಡು ಬರುವುದಿಲ್ಲ. ಹಾಗೆಯೇ ವಾರದ ಮಧ್ಯೆ ಪೂರ್ತಿ ದಿನ ಮಕ್ಕಳ ಜೊತೆ ಕಳೆಯುವ ಭಾಗ್ಯ ಆಫೀಸಿಗೆ ಹೋಗುವ ಅಪ್ಪಂದಿರಿಗೆ ಇಲ್ಲ, ಅದನ್ನೂ ಹೇಳಬೇಕು.

ಮನಸ್ಸಿನ ವಿಷಯ ಕೊನೆಗೆ ಇಟ್ಟಿದ್ದೇನೆ. ರಸ್ತೆ ಅಪಘಾತಗಳು, ಮಕ್ಕಳ ಸಾವು. ಒಂದು ಘಟನೆಗೇ ಕುಸಿಯುವವರು ಕಮ್ಮಿ. ಅದು ವರ್ಷಗಟ್ಟಲೆ ಒಳಗೆ ಸೇರುತ್ತಾ ಹೋಗುತ್ತದೆ. ನಿಮ್ಮ ಮಗುವಿನದೇ ವಯಸ್ಸಿನ ಮಗುವನ್ನು ಎತ್ತಿಕೊಂಡ ದಿನ ಹಳೆಯದೆಲ್ಲ ಎದ್ದು ಬರುತ್ತದೆ. ಹಿಂದೆ ಇದರ ಬಗ್ಗೆ ಮಾತಾಡುವುದೇ ತಪ್ಪು ಅನ್ನುವ ಹಾಗಿತ್ತು. ಈಗ ಅಂಥ ಕರೆಯಿಂದ ಬಂದ ಮೇಲೆ ತಂಡವನ್ನು ಕೂರಿಸಿ ಮಾತಾಡಿಸುವ, ಬೇಕಾದರೆ ಆಪ್ತಸಮಾಲೋಚಕರ ಹತ್ತಿರ ಕಳಿಸುವ ದಳಗಳಿವೆ. "ನನಗೇನೂ ಆಗುವುದಿಲ್ಲ" ಅನ್ನುವವರನ್ನೇ ಜಾಸ್ತಿ ಗಮನಿಸಿ ಅಂತ ನಾನು ಆಫೀಸರ್‌ಗಳಿಗೆ ಹೇಳುತ್ತಿದ್ದೆ.

ಇಷ್ಟಾದ ಮೇಲೂ ಆಸೆ ಉಳಿದಿದ್ದರೆ, ಮುಂದಿನ ಮಾತು ತಯಾರಿಯದು.

ಮೊದಲು ಎರಡು ಹೆದರಿಕೆಗಳನ್ನು ನೀವೇ ಪರೀಕ್ಷಿಸಿಕೊಳ್ಳಿ: ಎತ್ತರ ಮತ್ತು ಇಕ್ಕಟ್ಟು. ಎತ್ತರದ ಹೆದರಿಕೆ ಅಭ್ಯಾಸದಿಂದ ಬಹುಪಾಲು ಹೋಗುತ್ತದೆ. ಮುಖಕ್ಕೆ ಮುಖವಾಡ ಒತ್ತಿಕೊಂಡು ಕತ್ತಲಲ್ಲಿ ತೆವಳುವಾಗ ಉಸಿರು ಕಟ್ಟಿದ ಹಾಗಾಗುವುದು ಕೆಲವರಿಗೆ ಹೋಗುವುದೇ ಇಲ್ಲ. ತರಬೇತಿಯಲ್ಲಿ ಗಟ್ಟಿಮುಟ್ಟಾದ ಹುಡುಗರು ಬಿಟ್ಟುಹೋಗುವುದನ್ನು ನಾನು ನೋಡಿದ್ದು ಹೆಚ್ಚಾಗಿ ಇದೇ ಕಾರಣಕ್ಕೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ದೇಹದ ತಯಾರಿಗೆ ಬರೀ ಭಾರ ಎತ್ತಿದರೆ ಸಾಲದು, ದಮ್ಮು ಬೇಕು. ಎಷ್ಟು ಬೇಕು ಅಂತ ಅಂದಾಜಿಗೆ, ಅಮೆರಿಕದಲ್ಲಿ ಹಲವು ದಳಗಳು ಬಳಸುವ ಸಿಪ್ಯಾಟ್ ಪರೀಕ್ಷೆ ನೋಡಿ. ಮೈಮೇಲೆ ಸುಮಾರು 23 ಕೆಜಿ ತೂಕದ ಅಂಗಿ ಹಾಕಿಕೊಂಡು, 8 ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಬೇಕು. ಮೊದಲನೆಯದೇ ಮೆಟ್ಟಿಲು ಹತ್ತುವುದು, ಮೂರು ನಿಮಿಷ, ಅದಕ್ಕೆ ಇನ್ನೂ 11 ಕೆಜಿ ಜಾಸ್ತಿ. ಆಮೇಲೆ ಹೋಸ್ ಎಳೆಯುವುದು, ಸಾಮಾನು ಹೊರುವುದು, ಏಣಿ ಎತ್ತುವುದು, ಸುತ್ತಿಗೆ ಬೀಸುವುದು, ಕತ್ತಲ ಸುರಂಗದಲ್ಲಿ ತೆವಳುವುದು, 75 ಕೆಜಿಯಷ್ಟು ಭಾರದ ಗೊಂಬೆಯನ್ನು ಎಳೆದು ತರುವುದು, ಕೊಕ್ಕೆಕೋಲಿನಿಂದ ಸೀಲಿಂಗ್ ಎತ್ತಿ ಎಳೆಯುವುದು. ಹೆಚ್ಚಿನವರು ಸುಸ್ತಾಗುವುದು ಮೆಟ್ಟಿಲಲ್ಲೇ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮೆಟ್ಟಿಲು ಹತ್ತಲು ಇವತ್ತೇ ಶುರುಮಾಡಿ. ಮೊದಲು ಖಾಲಿ ಬ್ಯಾಗ್, ವಾರ ವಾರ ಸ್ವಲ್ಪ ಭಾರ. ಮಂಡಿ ನೋವು ಬಂದರೆ ನಿಲ್ಲಿಸಿ. ಪ್ರಥಮ ಚಿಕಿತ್ಸೆಯ ಒಂದು ತರಬೇತಿ ಕೂಡ ಮುಗಿಸಿಡಿ, ಎಲ್ಲೇ ಸೇರಿದರೂ ಕೆಲಸಕ್ಕೆ ಬರುತ್ತದೆ.

ಆಫೀಸ್ ಕೆಲಸಕ್ಕೆ ರಾಜೀನಾಮೆ ಕೊಡುವ ಮುಂಚೆ ಒಂದು ಸ್ಟೇಷನ್‌ಗೆ ಹೋಗಿ ಕೂತು ಬನ್ನಿ. ಫೋನ್ ಮಾಡಿ ಕೇಳಿದರೆ ಹೆಚ್ಚಿನ ಕಡೆ ಬರಲು ಹೇಳುತ್ತಾರೆ. ಸ್ವಯಂಸೇವಕರನ್ನು ತೆಗೆದುಕೊಳ್ಳುವ ಜಾಗವಾದರೆ ಇನ್ನೂ ಒಳ್ಳೆಯದು, ಕೆಲಸ ಬಿಡದೇ ಕೆಲವು ತಿಂಗಳು ನೋಡಬಹುದು. "ನೀವು ನೋಡಿದ ದೊಡ್ಡ ಬೆಂಕಿ ಯಾವುದು?" ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಕಥೆ ಹೇಳುತ್ತಾರೆ. ಕಳೆದ ಶಿಫ್ಟ್‌ನಲ್ಲಿ ಏನೇನು ಮಾಡಿದಿರಿ ಅಂತ ಕೇಳಿ. ಇಲ್ಲಿಂದ ಬೇರೆ ಸ್ಟೇಷನ್‌ಗೆ ವರ್ಗ ಕೇಳಿಕೊಂಡು ಹೋದವರು ಎಷ್ಟು, ಇಲ್ಲಿಗೇ ಬೇಕು ಅಂತ ಬಂದವರು ಎಷ್ಟು ಅಂತ ಕೇಳಿ. ಆಮೇಲೆ ಸುಮ್ನೆ ಕೂತು, ಅವರು ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡುತ್ತಾರೆ ನೋಡಿ. ಹೋಗುವುದಾದರೆ ಭಾನುವಾರ ಮಧ್ಯಾಹ್ನ ಹೋಗಿ. ಡ್ರಿಲ್, ಪರಿಶೀಲನೆ ಕಮ್ಮಿ ಇರುತ್ತದೆ, ಮಾತಿಗೆ ಸಿಗುತ್ತಾರೆ. ಗಾಡಿ ಹೊರಡುವ ದಾರಿಗೆ ಅಡ್ಡವಾಗಿ ಮಾತ್ರ ನಿಮ್ಮ ಬೈಕ್ ನಿಲ್ಲಿಸಬೇಡಿ.